ಹಿಂದೆ ಮೂವರು, ಬೆಂಚಿನಲ್ಲಿ ಛೇತ್ರಿ

2022ರ ಡಿಸೆಂಬರ್ 30ರಂದು ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ಎದುರು 2–1ರಿಂದ ಸೋತಾಗ ಬೆಂಗಳೂರು ಎಫ್‌ಸಿಯ ಲೆಕ್ಕ ಹೀಗಿತ್ತು: ಆಡಿದ್ದು 12, ಗೆದ್ದದ್ದು 3, ಡ್ರಾ 1, ಸೋತದ್ದು 8. ಕೈಯಲ್ಲಿ ಬರೀ ಹತ್ತು ಪಾಯಿಂಟ್. ಅಂದು ಎರಡೂ ಗೋಲು ಹೊಡೆದು ಸೋಲಿಸಿದವರು ಹಿಂದಿನ ಋತುವಿನವರೆಗೂ ನೀಲಿ ಜೆರ್ಸಿಯಲ್ಲೇ ಆಡಿದ್ದ ಕ್ಲೈಟನ್ ಸಿಲ್ವಾ. ಕೋಚ್ ಸೈಮನ್ ಗ್ರೇಸನ್ ಅವರ ಹೊಸ ವ್ಯೂಹ ನೆಲಕಚ್ಚಿತು ಎಂದೇ ಎಲ್ಲರೂ ಅಂದುಕೊಂಡರು. ಆದರೆ ಅಲ್ಲಿಂದ ಮುಂದೆ ಲೀಗ್ ಹಂತ ಮುಗಿಯುವ ತನಕ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ, ಡ್ರಾ ಕೂಡ ಮಾಡಿಕೊಳ್ಳಲಿಲ್ಲ. ಸತತ ಎಂಟು ಗೆಲುವು, ಒಟ್ಟು 34 ಪಾಯಿಂಟ್, ನಾಲ್ಕನೇ ಸ್ಥಾನ.

ತುಮಕೂರಿನ ಸತ್ಯಮಂಗಲದಿಂದ ಕಂಠೀರವ ಕ್ರೀಡಾಂಗಣಕ್ಕೆ ಹತ್ತಿರ ಹತ್ತಿರ ಎಪ್ಪತ್ತು ಕಿಲೋಮೀಟರ್. ರಾತ್ರಿ ಪಂದ್ಯ ನೋಡಿಕೊಂಡು ಹೆದ್ದಾರಿ ಹಿಡಿದು ವಾಪಸು ಬರುವಷ್ಟರಲ್ಲಿ ಊರೆಲ್ಲ ಮಲಗಿರುತ್ತದೆ. ಅಷ್ಟು ದೂರ ಹೋಗುವುದೇ ಸುನಿಲ್ ಛೇತ್ರಿ ಆಡುವುದನ್ನು ಕಣ್ಣಾರೆ ನೋಡಲು. ಅಂಥವರಿಗೆ ಆ ವರ್ಷದ ದೊಡ್ಡ ಪ್ರಶ್ನೆ ವ್ಯೂಹದ ಅಂಕಿಗಳದ್ದಾಗಿರಲಿಲ್ಲ. ಛೇತ್ರಿಯವರನ್ನು ಯಾಕೆ ಕೂರಿಸಿದ್ದಾರೆ ಎನ್ನುವುದಾಗಿತ್ತು. ನಿಜವಾಗಿ ನೋಡಿದರೆ ಎರಡೂ ಒಂದೇ ಪ್ರಶ್ನೆ.

ಇಂಗ್ಲೆಂಡಿನಲ್ಲಿ ಲೀಡ್ಸ್ ಯುನೈಟೆಡ್, ಪ್ರೆಸ್ಟನ್ ತಂಡಗಳನ್ನು ನಡೆಸಿದ್ದ ಗ್ರೇಸನ್ ಬೆಂಗಳೂರಿಗೆ ಬಂದದ್ದು 2022ರ ಜೂನ್‌ನಲ್ಲಿ. ಅವರಿಗಿಂತ ಮುಂಚಿನ ಜರ್ಮನ್ ಕೋಚ್ ಮಾರ್ಕೊ ಪೆಜ್ಜಾಯೊಲಿ 4-3-3ರಲ್ಲಿ ಆಡಿಸುತ್ತಿದ್ದರು: ಹಿಂದೆ ನಾಲ್ವರು, ಮುಂದೆ ಎರಡೂ ಅಂಚಿನಲ್ಲಿ ವಿಂಗರ್‌ಗಳು. ಗ್ರೇಸನ್ ಅದನ್ನು 3-5-2 ಮಾಡಿದರು. ಬಿಳಿ ಹಲಗೆಯ ಮೇಲೆ ಇದು ಸಣ್ಣ ತಿದ್ದುಪಡಿ. ಆದರೆ ಡ್ರೆಸಿಂಗ್ ರೂಮಿನಲ್ಲಿ ಇದರಿಂದ ಒಬ್ಬರ ಕೆಲಸ ಎರಡರಷ್ಟಾಗುತ್ತದೆ, ಇನ್ನೊಬ್ಬರಿಗೆ ಕೆಲಸವೇ ಇಲ್ಲವಾಗುತ್ತದೆ.

ಕೆಲಸ ಹೆಚ್ಚಿದ್ದು ವಿಂಗ್‌ಬ್ಯಾಕ್‌ಗಳಿಗೆ. ಈ ವ್ಯೂಹದಲ್ಲಿ ಇಡೀ ಅಂಚು ಒಬ್ಬರದೇ ಜವಾಬ್ದಾರಿ. ಎದುರಾಳಿ ನುಗ್ಗಿದಾಗ ಅವರು ಐದನೇ ಡಿಫೆಂಡರ್, ಚೆಂಡು ಸಿಕ್ಕ ಮರುಕ್ಷಣವೇ ವಿಂಗರ್. ಬಲಕ್ಕೆ ಪ್ರಬೀರ್ ದಾಸ್, ಎಡಕ್ಕೆ ರೋಷನ್ ಸಿಂಗ್ ತೊಂಬತ್ತು ನಿಮಿಷವೂ ಈ ಓಟ ಓಡಿದರು. ಹಿಂದಿನ ಮೂವರಲ್ಲಿ ಅಲೆಕ್ಸಾಂಡರ್ ಜೊವಾನೊವಿಚ್, ಸಂದೇಶ್ ಝಿಂಗನ್ ಜೊತೆಗೆ ಬ್ರೆಜಿಲ್‌ನ ಬ್ರೂನೊ ರಮಿರೆಸ್ ನಿಂತರು. ಬ್ರೂನೊ ಮೂಲತಃ ಮಿಡ್‌ಫೀಲ್ಡರ್. ಆ ವರ್ಷದ ಜಾಣತನವೆಲ್ಲ ಈ ಒಂದು ಆಯ್ಕೆಯಲ್ಲಿದೆ ಎಂದು ನನಗನ್ನಿಸುತ್ತದೆ. ಮೂವರಲ್ಲಿ ಒಬ್ಬರಿಗಾದರೂ ಚೆಂಡನ್ನು ನಿಧಾನವಾಗಿ ಮುಂದಕ್ಕೆ ಒಯ್ಯುವ ಕೌಶಲ ಇರದಿದ್ದರೆ 3-5-2 ಎನ್ನುವುದು ಐವರು ಹಿಂದೆ ಬಿದ್ದು ಒದ್ದಾಡುವ ಆಟವಾಗಿಬಿಡುತ್ತದೆ. ಅವರ ಮುಂದೆ ಸುರೇಶ್ ವಾಂಗ್‌ಜಮ್, ರೋಹಿತ್ ಕುಮಾರ್, ಜಾವಿ ಹೆರ್ನಾಂಡೆಜ್ ಇದ್ದರು.

ಜಾಗ ಕಳೆದುಕೊಂಡವರು ವಿಂಗರ್‌ಗಳು. 2014ರಿಂದ ಕ್ಲಬ್ಬಿನಲ್ಲಿದ್ದ ಉದಾಂತ ಸಿಂಗ್ ಅವರ ಬಂಡವಾಳವೇ ಅಂಚಿನ ವೇಗ. ವಿಂಗರ್ ಎಂಬ ಜಾಗವೇ ಇಲ್ಲದ ವ್ಯೂಹದಲ್ಲಿ ಅಂಥ ಆಟಗಾರ ಫಾರ್ಮ್‌ನಲ್ಲಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 2023ರ ಬೇಸಿಗೆಯಲ್ಲಿ ಅವರು ಗೋವಾ ತಂಡ ಸೇರಿದರು.

ಇನ್ನು ಮುಂಪಡೆ. 3-5-2ರಲ್ಲಿ ಮುಂದೆ ಇಬ್ಬರಿಗಷ್ಟೇ ಜಾಗ. ಹಕ್ಕುದಾರರು ಮೂವರು: ಫಿಜಿಯ ರಾಯ್ ಕೃಷ್ಣ, ತಮಿಳುನಾಡಿನ ಹುಡುಗ ಶಿವಶಕ್ತಿ ನಾರಾಯಣನ್, ಮತ್ತು ಛೇತ್ರಿ. ಹಿಂದಿನಿಂದ ಉದ್ದಕ್ಕೆ ಬರುವ ಚೆಂಡನ್ನು ಬೆನ್ನಟ್ಟಿ ಎದುರಾಳಿ ಡಿಫೆಂಡರ್‌ಗಳನ್ನು ದಣಿಸುವ ಕೆಲಸಕ್ಕೆ ಎಳೆಯ ಕಾಲು ಬೇಕು. ಛೇತ್ರಿಯವರಿಗೆ ಆಗ 38. ಗ್ರೇಸನ್ ರಾಯ್ ಕೃಷ್ಣ ಜೊತೆ ಶಿವಶಕ್ತಿಯನ್ನು ಇಳಿಸಿ, ಭಾರತ ತಂಡದ ನಾಯಕನನ್ನು, ಈ ಕ್ಲಬ್ಬಿನ ಮುಖವೇ ಆಗಿದ್ದವರನ್ನು ಬೆಂಚಿನಲ್ಲಿ ಕೂರಿಸಿದರು. ಬೆಂಗಳೂರಿನ ಫುಟ್‌ಬಾಲ್‌ನಲ್ಲಿ ಕೋಚ್ ಒಬ್ಬರು ತೆಗೆದುಕೊಂಡ ಅತ್ಯಂತ ಧೈರ್ಯದ ತೀರ್ಮಾನ ಇದೇ ಎಂದು ನಾನು ನಂಬುತ್ತೇನೆ. ಅದನ್ನು ಛೇತ್ರಿ ನುಂಗಿಕೊಂಡು ಆಡಿದ ರೀತಿ ಅದಕ್ಕಿಂತ ದೊಡ್ಡದು. ಕೊನೆಯ ಅರ್ಧ ಗಂಟೆಗೆ, ಎದುರಾಳಿ ಸುಸ್ತಾದ ಮೇಲೆ, ಅವರು ಇಳಿಯುತ್ತಿದ್ದರು.

2023ರ ಫೆಬ್ರುವರಿ 15ರಂದು ಹದಿನೆಂಟು ಪಂದ್ಯಗಳಿಂದ ಸೋಲನ್ನೇ ಕಾಣದ ಮುಂಬೈ ಸಿಟಿಯನ್ನು ಕಂಠೀರವದಲ್ಲಿ ಈ ತಂಡ 2–1ರಿಂದ ಮಣಿಸಿತು. ಮಾರ್ಚ್ 3ರ ನಾಕೌಟ್‌ನಲ್ಲಿ ಬದಲಿಯಾಗಿ ಬಂದ ಛೇತ್ರಿ ಹೆಚ್ಚುವರಿ ಅವಧಿಯಲ್ಲಿ ಫ್ರೀ ಕಿಕ್ಕನ್ನು ಥಟ್ಟನೆ ಒದ್ದು ಗೋಲು ಮಾಡಿದರು. ಕೇರಳ ಬ್ಲಾಸ್ಟರ್ಸ್ ಪ್ರತಿಭಟಿಸಿ ಮೈದಾನ ಬಿಟ್ಟು ನಡೆಯಿತು. ಮುಂಬೈ ವಿರುದ್ಧದ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲೂ ಬದಲಿ ಛೇತ್ರಿಯವರದೇ ತಲೆಯ ಗೋಲು. ಕಂಠೀರವದ ಎರಡನೇ ಪಂದ್ಯದ ನಂತರ ಶೂಟೌಟ್‌ನಲ್ಲಿ 9–8ರ ಗೆಲುವು. ಮಾರ್ಚ್ 18ರ ಫೈನಲ್‌ನಲ್ಲಿ ಶುರುವಿನಲ್ಲೇ ಶಿವಶಕ್ತಿ ಗಾಯಗೊಂಡು ಹೊರನಡೆದರು, ಛೇತ್ರಿ ಬೇಗನೇ ಇಳಿಯಬೇಕಾಯಿತು. ಎಟಿಕೆ ಮೋಹನ್ ಬಾಗಾನ್ ಎದುರು 2–2, ಶೂಟೌಟ್‌ನಲ್ಲಿ 4–3ರ ಸೋಲು.

ಆಮೇಲೆ ನಡೆದದ್ದನ್ನು ಯಾರೂ ಹೆಚ್ಚು ಚರ್ಚಿಸುವುದಿಲ್ಲ. ಝಿಂಗನ್ ಗೋವಾಕ್ಕೆ, ಪ್ರಬೀರ್ ಕೇರಳಕ್ಕೆ, ರಾಯ್ ಕೃಷ್ಣ ಒಡಿಶಾಕ್ಕೆ ಹೋದರು. ಬ್ರೂನೊ ಕೂಡ ಉಳಿಯಲಿಲ್ಲ. ಕಂಬ ತೆಗೆದ ಮೇಲೆ ತೊಲೆ ನಿಲ್ಲುತ್ತದೆಯೇ? ಫೈನಲ್ ಆಡಿದ ತಂಡ 2023ರ ಡಿಸೆಂಬರ್ 8ರಂದು ಅದೇ ಕಂಠೀರವದಲ್ಲಿ ಅದೇ ಮುಂಬೈಗೆ 0–4ರಿಂದ ಸೋತಿತು, ಮರುದಿನ ಗ್ರೇಸನ್ ಕೆಲಸ ಹೋಯಿತು. ಋತು ಮುಗಿದಾಗ ಹನ್ನೆರಡು ತಂಡಗಳಲ್ಲಿ ಬೆಂಗಳೂರು ಹತ್ತನೆಯದು. ಕೋಚ್ ಒಬ್ಬರನ್ನೇ ದೂರುವುದು ನ್ಯಾಯವಲ್ಲ. ಆಟಗಾರರನ್ನು ಕೊಂಡು ಮಾರುವವರು ಆ ವ್ಯೂಹ ಯಾರ ಕಾಲಿನ ಮೇಲೆ ನಿಂತಿತ್ತು ಎಂದು ನೋಡಬೇಕಿತ್ತು.

ಗ್ರೇಸನ್ ನಂತರ ಬಂದ ಸ್ಪೇನಿನ ಜೆರಾರ್ಡ್ ಸರಗೋಸಾ ಹಿಂದೆ ಮತ್ತೆ ನಾಲ್ವರನ್ನು ನಿಲ್ಲಿಸಿದರು. ವಿಂಗರ್‌ಗಳಿಗೆ ಜಾಗ ತೆರೆಯಿತು. ಈ ಸಲ ಕ್ಲಬ್ ವ್ಯೂಹಕ್ಕೆ ತಕ್ಕವರನ್ನೂ ತಂದಿತು: ರಾಹುಲ್ ಭೇಕೆ ಮರಳಿದರು, ಮುಂಬೈನಿಂದ ಆಲ್ಬರ್ಟೊ ನೊಗುವೆರಾ, ಪೆರೇರಾ ಡಿಯಾಜ್ ಬಂದರು. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಋತುವಿನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಏಕೈಕ ಗೋಲು ಹೊಡೆದದ್ದು ಹತ್ತೊಂಬತ್ತರ ವಿಂಗರ್ ವಿನೀತ್ ವೆಂಕಟೇಶ್. 3-5-2 ಇನ್ನೂ ನಡೆಯುತ್ತಿದ್ದರೆ ಈ ಹುಡುಗ ಎಲ್ಲಿ ನಿಲ್ಲುತ್ತಿದ್ದ ಎಂದು ಯೋಚಿಸಿದಾಗ ನನಗೆ ಸಣ್ಣ ಭಯವಾಗುತ್ತದೆ. ಛೇತ್ರಿಯವರಿಗೂ ಈ ಬದಲಾವಣೆ ಒಗ್ಗಿತು. ಅಂಚಿನಲ್ಲಿ ಓಡುವವರು ಬೇರೆಯವರಿದ್ದುದರಿಂದ ಅವರು ಗೋಲಿನ ಮುಂದೆ ಕಾಯಬಹುದಿತ್ತು. ಡಿಸೆಂಬರ್ 7ರಂದು ಕೇರಳ ಎದುರು ನಲವತ್ತರ ವಯಸ್ಸಿನಲ್ಲಿ ಹ್ಯಾಟ್ರಿಕ್ ಹೊಡೆದರು, ಋತುವಿನಲ್ಲಿ ಒಟ್ಟು 14 ಗೋಲು. ತಂಡ ಮೂರನೇ ಸ್ಥಾನ ಪಡೆದು, ನಾಕೌಟ್‌ನಲ್ಲಿ ಮುಂಬೈಯನ್ನು 5–0ಯಿಂದ ಮುಳುಗಿಸಿ ಫೈನಲ್ ತಲುಪಿತು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಕಪ್ ಒಯ್ದಿತು.