ಹಣ್ಣಿನ ನೊಣದ ತಲೆಯೊಳಗಿನ ಬ್ರೇಕು

ಹೊಸೂರಿನ ಪಕ್ಕ ಮತ್ತಿಗಿರಿಯಲ್ಲಿ ಬ್ರಿಟಿಷರ ಕಾಲದ ದೊಡ್ಡ ಸರ್ಕಾರಿ ಜಾನುವಾರು ಫಾರಂ ಇದೆ. ಅಂಥ ಕಡೆ ಹೊಸದಾಗಿ ಬಂದಿಳಿದ ನೆಂಟರು ಸಗಣಿ, ಗಂಜಲದ ವಾಸನೆಗೆ ಮೂಗು ಮುಚ್ಚಿಕೊಂಡರೆ, ದಿನವೂ ಕೊಟ್ಟಿಗೆ ಬಾಚುವವರು ‘ಎಲ್ಲಿಯ ವಾಸನೆ?’ ಎನ್ನುತ್ತಾರೆ. ನಾಲ್ಕು ದಿನ ಉಳಿದರೆ ನೆಂಟರೂ ಹಾಗೇ ಎನ್ನುತ್ತಾರೆ. ಮೂಗು ಸೋತುಹೋಗಿದೆ ಎಂದುಕೊಳ್ಳುತ್ತೇವೆ. ಆದರೆ ಅದೇ ಮೂಗಿಗೆ ಒಲೆಯ ಮೇಲೆ ಹಾಲು ಸೀದದ್ದು ತಕ್ಷಣ ತಿಳಿಯುತ್ತದೆ. ಮೂಗೇ ಸೋತಿದ್ದರೆ ಅದೂ ತಿಳಿಯಬಾರದಿತ್ತು. ಒಂದೇ ಒಂದು ವಾಸನೆಯನ್ನು ಆರಿಸಿ ಬದಿಗಿಡುವ ಕೆಲಸ ಒಳಗೆಲ್ಲೋ ನಡೆದಿದೆ.

ಆ ಕೆಲಸ ನಡೆಯುವ ಜಾಗವನ್ನು ಒಂದು ನೊಣದ ಮಿದುಳಿನಲ್ಲಿ ಬೆರಳಿಟ್ಟು ತೋರಿಸಿದವರಲ್ಲಿ ಬೆಂಗಳೂರಿನ ವಿಜ್ಞಾನಿಗಳೂ ಇದ್ದಾರೆ. ಕೃಷ್ಣಗಿರಿಯ ಮಾವಿನ ತೋಟಗಳಲ್ಲಿ ಕಾಯಿ ಚುಚ್ಚಿ ಮೊಟ್ಟೆಯಿಡುವ ನೊಣ ಬೇರೆ. ಇದು ಕಳಿತ ಬಾಳೆಹಣ್ಣಿನ ಮೇಲೆ ಗುಂಯ್ ಎಂದು ಮುತ್ತುವ, ಎರಡೂವರೆ ಮಿಲಿಮೀಟರ್ ಉದ್ದದ, ಕೆಂಗಣ್ಣಿನ ಡ್ರೊಸೊಫಿಲಾ.

ಈ ಪುಟ್ಟ ನೊಣವನ್ನು ನಮ್ಮಲ್ಲಿ ನರವಿಜ್ಞಾನಕ್ಕೆ ಎಳೆದು ತಂದವರು ಒಬೈದ್ ಸಿದ್ದೀಕಿ. ಮೈ ಬಿಸಿಯೇರಿದೊಡನೆ ಕೈಕಾಲು ಆಡದೆ ಬೀಳುವ, ತಣ್ಣಗಾದ ಮೇಲೂ ಬಹಳ ಹೊತ್ತು ಏಳದ ಒಂದು ನೊಣದ ತಳಿಯನ್ನು ಅವರು ಅಮೆರಿಕದ ಸೀಮೋರ್ ಬೆಂಜರ್ ಜೊತೆ 1976ರಲ್ಲಿ ವರದಿ ಮಾಡಿದರು. ತಳಿಗೆ ‘ಕೋಮಟೋಸ್’ ಎಂದು ಹೆಸರಾಯಿತು. ಅದರಲ್ಲಿ ಕೆಟ್ಟಿದ್ದೇನು ಎಂಬುದು ಗೊತ್ತಾಗಲು 1990ರ ದಶಕ ಬರಬೇಕಾಯಿತು. ಒಂದು ನರಕೋಶದ ತುದಿಗೂ ಮುಂದಿನದಕ್ಕೂ ನಡುವೆ ಕೂದಲೆಳೆಗಿಂತ ಸಾವಿರಾರು ಪಟ್ಟು ಕಿರಿದಾದ ಸಂದು ಇರುತ್ತದೆ. ಅದೇ ಸಿನಾಪ್ಸ್. ತುದಿಯಲ್ಲಿ ರಾಸಾಯನಿಕ ತುಂಬಿದ ಸೂಕ್ಷ್ಮ ಚೀಲಗಳಿರುತ್ತವೆ. ಸಂದೇಶ ಬಂದಾಗ ಚೀಲ ಒಡೆದು ರಾಸಾಯನಿಕ ಸಂದಿಗೆ ಸುರಿಯುತ್ತದೆ, ಆಚೆಯ ಕೋಶ ಎಚ್ಚರಗೊಳ್ಳುತ್ತದೆ ಅಥವಾ ತೆಪ್ಪಗಾಗುತ್ತದೆ. ಈ ಚೀಲಗಳನ್ನು ಸಜ್ಜಾಗಿಡಲು ಬೇಕಾದ ಪ್ರೋಟೀನೇ ಆ ತಳಿಯಲ್ಲಿ ಬಿಸಿಗೆ ಕೈಕೊಡುತ್ತಿತ್ತು. ಸಿನಾಪ್ಸ್ ನಿಂತರೆ ನೊಣವೂ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ಸಿದ್ದೀಕಿಯವರ ವಿದ್ಯಾರ್ಥಿನಿ ವೆರೋನಿಕಾ ರೋಡ್ರಿಗಸ್ ವಾಸನೆ ಹಿಡಿಯಲಾರದ ನೊಣಗಳನ್ನು ಹುಡುಕುತ್ತ ಹೋದರು. ಮುಂದೆ ಸಿದ್ದೀಕಿ ಕಟ್ಟಿದ ಬೆಂಗಳೂರಿನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಈ ಕೆಲಸ ಬೆಳೆಯಿತು. ಹೊಸೂರಿನಿಂದ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿರುವ ಜಿಕೆವಿಕೆ ಆವರಣದಲ್ಲಿ ಅದರ ಪ್ರಯೋಗಾಲಯಗಳಿವೆ.

ನೊಣಕ್ಕೆ ಮೂಗೆಂದರೆ ಮೀಸೆ. ಅಲ್ಲಿಯ ಸಾವಿರಕ್ಕೂ ಹೆಚ್ಚು ನರಕೋಶಗಳು ಮಿದುಳಿನ ಮುಂಭಾಗದಲ್ಲಿ ಸುಮಾರು 50 ಗಂಟುಗಳಿಗೆ ಬಂದು ಸೇರುತ್ತವೆ. ವಾಸನೆ ಹಿಡಿಯುವ ಒಂದೇ ಬಗೆಯ ಗ್ರಾಹಕ ಪ್ರೋಟೀನಿರುವ ಕೋಶಗಳಿಗೆಲ್ಲ ಒಂದೇ ಗಂಟು. ಇಂಗಾಲದ ಡೈಆಕ್ಸೈಡಿಗೆ ಒಂದು ಗಂಟಾದರೆ, ಹಣ್ಣಿನ ಘಮದ ಈಥೈಲ್ ಬ್ಯುಟಿರೇಟಿಗೆ ಬೇರೆ ಗಂಟುಗಳು. ಪ್ರತಿ ಗಂಟಿನಿಂದ ಸುದ್ದಿಯನ್ನು ಮಿದುಳಿನ ಒಳಕ್ಕೆ ಒಯ್ಯುವ ಕೋಶಗಳಿವೆ. ಗಂಟುಗಳ ನಡುವೆಯೇ ಓಡಾಡಿಕೊಂಡಿರುವ ಇನ್ನೊಂದು ಜಾತಿಯ ಕೋಶಗಳು ಗಾಬಾ ಎಂಬ ರಾಸಾಯನಿಕ ಸುರಿದು ಆ ಸುದ್ದಿಯನ್ನು ತಗ್ಗಿಸುತ್ತವೆ. ಇವೇ ಬ್ರೇಕು.

ಈಥೈಲ್ ಬ್ಯುಟಿರೇಟ್ ಅತಿಯಾದರೆ ನೊಣಕ್ಕೆ ಹಿಡಿಸದು. ಕವೆಯಾಕಾರದ ಕೊಳವೆಯ ಒಂದು ಕವಲಿಗೆ ಅದನ್ನು ಬಿಟ್ಟರೆ ಹೆಚ್ಚಿನ ನೊಣಗಳು ಇನ್ನೊಂದು ಕವಲಿಗೆ ಹೋಗುತ್ತವೆ. ಆದರೆ ಮೊದಲೇ ಅರ್ಧ ಗಂಟೆ ಆ ವಾಸನೆಯಲ್ಲಿಟ್ಟು ಬಿಟ್ಟರೆ ಅಷ್ಟಾಗಿ ದೂರ ಸರಿಯವು. ನಾಲ್ಕು ದಿನ ಇಟ್ಟರೆ ಈ ಉದಾಸೀನ ದಿನಗಟ್ಟಲೆ ಉಳಿಯುತ್ತದೆ. ಇಂಗಾಲದ ಡೈಆಕ್ಸೈಡಿನ ಬಗ್ಗೆ ನೊಣಕ್ಕಿರುವ ಹೇವರಿಕೆ ಮಾತ್ರ ಇದ್ದ ಹಾಗೇ ಇರುತ್ತದೆ.

ಇದರ ಗುಟ್ಟನ್ನು ಸುದೇಷ್ಣಾ ದಾಸ್, ರೋಡ್ರಿಗಸ್, ಮಣಿ ರಾಮಸ್ವಾಮಿ ಮತ್ತು ಬೆಂಗಳೂರು, ಡಬ್ಲಿನ್‌ನ ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ರೋಡ್ರಿಗಸ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಮೀಸೆಯ ಕೋಶಗಳು ದಣಿದಿರಲಿಲ್ಲ. ಪದೇ ಪದೇ ಕೆಣಕಿಸಿಕೊಂಡ ಗಂಟಿನಲ್ಲಿ ಬ್ರೇಕಿನ ಸಿನಾಪ್ಸ್‌ಗಳು ಬಲಿತಿದ್ದವು. ಒಂದು ವಾಸನೆಯ ಗಂಟಿನ ಕೋಶಗಳಲ್ಲಿ ಗಾಬಾ ಗ್ರಾಹಕವನ್ನು ಕುಗ್ಗಿಸಿದರೆ ನೊಣ ಆ ವಾಸನೆಗೆ ಮಾತ್ರ ಒಗ್ಗಿಕೊಳ್ಳಲಾರದಾಯಿತು. ಕಲಿಕೆಗೆ ಬೇಕೆಂದು ಮೊದಲೇ ಹೆಸರಾಗಿದ್ದ ರುಟಬೇಗ ಜೀನ್ ಬ್ರೇಕಿನ ಕೋಶಗಳಲ್ಲಿ ಕೆಲಸ ಮಾಡದಿದ್ದರೆ ಒಗ್ಗಿಕೊಳ್ಳುವಿಕೆಯೇ ಇಲ್ಲ. ಎಂದರೆ ವಾಸನೆ ‘ಬಾರದಿರುವುದು’ ಮಿದುಳು ಕಷ್ಟಪಟ್ಟು ಕಲಿತ ಪಾಠ.

2024ರ ಅಕ್ಟೋಬರಿನಲ್ಲಿ ಈ ನೊಣದ ಇಡೀ ಮಿದುಳಿನ ನಕ್ಷೆ ಹೊರಬಂತು. ಅದರಲ್ಲಿ 1,39,255 ನರಕೋಶಗಳು, ಐದು ಕೋಟಿಗೂ ಹೆಚ್ಚು ಸಿನಾಪ್ಸ್‌ಗಳು. ಯಾರು ಯಾರಿಗೆ ತಂತಿ ಎಳೆದಿದ್ದಾರೆ ಎಂಬುದು ಅದರಲ್ಲಿದೆ. ಆದರೆ ಒಗ್ಗಿಕೊಂಡ ನೊಣಕ್ಕೂ ಒಗ್ಗದ ನೊಣಕ್ಕೂ ತಂತಿಯ ದಾರಿ ಹೆಚ್ಚುಕಡಿಮೆ ಒಂದೇ. ಬದಲಾಗಿದ್ದು ಕೆಲವು ಸಂದುಗಳ ಬಲ. ನಡವಳಿಕೆಯನ್ನು ಓದಬೇಕಾದರೆ ನಕ್ಷೆಯ ಜೊತೆಗೆ ಈ ಬಲಾಬಲವೂ ಗೊತ್ತಿರಬೇಕು.

ಇದೇ ಬಳಗ 2014ರಲ್ಲಿ ಇನ್ನೊಂದು ಎಳೆ ಹಿಡಿಯಿತು. ಮನುಷ್ಯರಲ್ಲಿ ಕೆಟ್ಟರೆ ಫ್ರಜೈಲ್ ಎಕ್ಸ್ ಎಂಬ ಆನುವಂಶಿಕ ತೊಂದರೆ ತರುವ ಜೀನ್‌ನ ಪ್ರೋಟೀನು ನೊಣದಲ್ಲೂ ಇದೆ. ಅದು ಸರಿಯಿಲ್ಲದ ನೊಣ ದೀರ್ಘಕಾಲಕ್ಕೆ ವಾಸನೆಗೆ ಒಗ್ಗಿಕೊಳ್ಳುವುದಿಲ್ಲ. ಫ್ರಜೈಲ್ ಎಕ್ಸ್ ಇರುವ ಹಲವು ಮಕ್ಕಳಲ್ಲಿ ಆಟಿಸಂನ ಲಕ್ಷಣಗಳಿರುತ್ತವೆ. ನಮ್ಮ ಕಿವಿಗೆ ಬೀಳದೇ ಹೋಗುವ ಫ್ಯಾನಿನ ಸದ್ದು, ಅಂಗಿಯ ಲೇಬಲ್ಲಿನ ಒರಸಾಟ ಅವರನ್ನು ದಿನವಿಡೀ ಕಾಡಬಹುದು. ನೊಣದ ಲೆಕ್ಕ ಮಗುವಿಗೆ ಹಾಗೇ ಹೊಂದುತ್ತದೆ ಎನ್ನಲಾಗದು. ಆದರೂ ಮಿಕ್ಸಿಯ ಸದ್ದಿಗೆ ಕಿವಿ ಮುಚ್ಚಿ ಕಿರುಚುವ ಮಗುವನ್ನು ಹಠಮಾರಿ ಎಂದು ಗದರುವ ಮೊದಲು ಒಂದು ಮಾತು ನೆನಪಿಟ್ಟುಕೊಳ್ಳಬೇಕು. ನಮಗೆ ಸಲೀಸಾಗಿ ಬಂದ ಆ ಉದಾಸೀನಕ್ಕೂ ಮಿದುಳಿನಲ್ಲಿ ಯಂತ್ರವೊಂದು ಬೇಕು, ಅದು ಎಲ್ಲರಲ್ಲೂ ಒಂದೇ ತೆರನಾಗಿ ಕೂಡಿಬರುವುದಿಲ್ಲ.