ಎರಡು ಸಾವಿರ ಪೌಂಡ್‌ಗಳ ಪಣ: ದ್ವೀಪಯಾನದಲ್ಲಿ ಮರಳಿ ದೊರೆತ ಬದುಕು

1888ರ ಮೇ ತಿಂಗಳಿನಲ್ಲಿ ರಾಬರ್ಟ್ ಲೂಯಿ ಸ್ಟೀವನ್ಸನ್ ಎಂಬ ಸ್ಕಾಟ್ಲೆಂಡಿನ ಲೇಖಕ ಅಮೆರಿಕಾದಿಂದ ತನ್ನ ವಕೀಲ ಮಿತ್ರ ಚಾರ್ಲ್ಸ್ ಬ್ಯಾಕ್ಸ್ಟರ್‌ಗೆ ಒಂದು ಪತ್ರ ಬರೆದನು. ಶಾಂತಸಾಗರದ ದ್ವೀಪಗಳತ್ತ ಪ್ರಯಾಣಿಸಲು ಹಡಗೊಂದನ್ನು ಬಾಡಿಗೆಗೆ ಗೊತ್ತುಮಾಡಲಾಗಿದೆ; ಇದಕ್ಕಾಗಿ ಎರಡು ಸಾವಿರ ಪೌಂಡ್‌ಗಳನ್ನು ಪಣಕ್ಕೊಡ್ಡುತ್ತಿದ್ದೇನೆ; ಇದರಿಂದಲೂ ದೇಹ ಚೇತರಿಸದಿದ್ದಲ್ಲಿ ಹಣ ಹೋಯಿತು, ತಾನಿನ್ನು ಗುಣವಾಗಲಾರೆನೆಂಬುದಂತೂ ಖಚಿತವಾಯಿತು ಎಂಬುದು ಆ ಪತ್ರದ ಸಾರಾಂಶ. ನಷ್ಟದ ಗರಿಷ್ಠ ಮಿತಿಯನ್ನು ಮೊದಲೇ ನಿಗದಿಪಡಿಸಿಕೊಂಡು ಹೂಡಿಕೆಗೆ ಇಳಿಯುವ ಉದ್ಯಮಿಯ ಲೆಕ್ಕಾಚಾರದಂತೆಯೇ ಇದೆ ಈ ಒಕ್ಕಣೆ. ವ್ಯತ್ಯಾಸವೆಂದರೆ ಇಲ್ಲಿ ಹೂಡಿಕೆಯ ಫಲವಾಗಿ ನಿರೀಕ್ಷಿಸಿದ್ದು ಲಾಭವನ್ನಲ್ಲ, ಆಯುಷ್ಯವನ್ನು.

ವಾಚಕರಲ್ಲಿ ಅನೇಕರು ವಿದ್ಯಾರ್ಥಿದೆಸೆಯಲ್ಲಿ ಓದಿರಬಹುದಾದ 'ಟ್ರೆಷರ್ ಐಲೆಂಡ್' ಕಾದಂಬರಿಯ ಕರ್ತೃ ಈತನೇ. 1850ರಲ್ಲಿ ಎಡಿನ್‌ಬರೊ ನಗರದಲ್ಲಿ, ದೀಪಸ್ತಂಭಗಳ ನಿರ್ಮಾಣಕ್ಕೆ ಹೆಸರಾದ ಎಂಜಿನಿಯರುಗಳ ಮನೆತನದಲ್ಲಿ ಜನಿಸಿದನು. ಬಾಲ್ಯದಿಂದಲೂ ಶ್ವಾಸಕೋಶದ ವ್ಯಾಧಿ. 1884ರಿಂದ 1887ರವರೆಗೆ ಇಂಗ್ಲೆಂಡಿನ ಬೌರ್ನ್‌ಮತ್‌ನಲ್ಲಿ ವಾಸವಿದ್ದಾಗ ರಕ್ತವಾಂತಿಯ ಭಯದಿಂದ ಹೆಚ್ಚಿನ ಕಾಲವನ್ನು ಹಾಸಿಗೆಯಲ್ಲಿಯೇ ಕಳೆಯಬೇಕಾಯಿತು. 'ಡಾಕ್ಟರ್ ಜೆಕಿಲ್ ಮತ್ತು ಮಿಸ್ಟರ್ ಹೈಡ್' ಕೃತಿಯು 1886ರಲ್ಲಿ ಪ್ರಕಟವಾಗಿ ಕೀರ್ತಿ ತಂದಿತು. ಆರೋಗ್ಯವನ್ನು ಮಾತ್ರ ತರಲಿಲ್ಲ. ಕ್ಷಯಾಣುವನ್ನು ರಾಬರ್ಟ್ ಕಾಕ್ 1882ರಲ್ಲಿ ಗುರುತಿಸಿದ್ದನಾದರೂ ಅದಕ್ಕೆ ಔಷಧಿ ದೊರೆಯಲು ಇನ್ನೂ ಅರ್ಧ ಶತಮಾನಕ್ಕೂ ಮಿಕ್ಕಿ ಕಾಯಬೇಕಿತ್ತು. ಹವೆ ಬದಲಾವಣೆಯೇ ಅಂದಿನ ಚಿಕಿತ್ಸೆ.

1887ರ ಮೇ ತಿಂಗಳಲ್ಲಿ ತಂದೆ ತೀರಿಕೊಂಡ ನಂತರ ಸ್ಟೀವನ್ಸನ್ ಕುಟುಂಬ ಸಮೇತನಾಗಿ ಅಮೆರಿಕಾಕ್ಕೆ ಹೋದನು. ಅಲ್ಲಿ ಸರನಾಕ್ ಲೇಕ್ ಎಂಬ ಹಿಮಾವೃತ ಊರಿನಲ್ಲಿ ಕ್ಷಯರೋಗ ತಜ್ಞ ಡಾ. ಎಡ್ವರ್ಡ್ ಟ್ರೂಡೊ ಅವರ ಉಪಚಾರದಲ್ಲಿ ಒಂದು ಚಳಿಗಾಲ ಕಳೆಯಿತು. 'ಸ್ಕ್ರಿಬ್ನರ್ಸ್' ಮಾಸಪತ್ರಿಕೆ ಹನ್ನೆರಡು ಪ್ರಬಂಧಗಳಿಗೆ 3,500 ಡಾಲರ್ ಸಂಭಾವನೆ ನೀಡಲು ಒಪ್ಪಿತ್ತು. ಅಂದಿನ ವಿನಿಮಯ ದರದಲ್ಲಿ ಇದು ಸುಮಾರು 720 ಪೌಂಡ್‌ಗಳಾಗುತ್ತದೆ. ಅಂದರೆ ದ್ವೀಪಯಾನಕ್ಕೆ ತೆಗೆದಿರಿಸಿದ ಮೊತ್ತವು ಇಂತಹ ಉತ್ತಮ ಕರಾರಿನ ಒಂದು ವರ್ಷದ ವರಮಾನದ ಎರಡೂವರೆ ಪಟ್ಟಿಗಿಂತಲೂ ಅಧಿಕ. ಪಿತ್ರಾರ್ಜಿತದಿಂದ ಬಂದ ಹಣವನ್ನು ಹೀಗೆ ಸಮುದ್ರಕ್ಕೆ ಸುರಿಯುವುದು ವಿವೇಕವೇ ಎಂದು ಯಾವ ಲೆಕ್ಕಿಗನಾದರೂ ಪ್ರಶ್ನಿಸುತ್ತಿದ್ದನು.

1888ರ ಜೂನ್ 28ರಂದು ಸ್ಯಾನ್ ಫ್ರಾನ್ಸಿಸ್ಕೊದಿಂದ 'ಕ್ಯಾಸ್ಕೊ' ಎಂಬ ಹಾಯಿಹಡಗು ಹೊರಟಿತು. ಹಡಗಿನಲ್ಲಿ ಪತ್ನಿ ಫ್ಯಾನಿ, ಮಲಮಗ ಲಾಯ್ಡ್ ಆಸ್ಬರ್ನ್, ಒಬ್ಬ ಸೇವಕಿ ಇವರೊಡನೆ ವೈಧವ್ಯಕ್ಕೆ ಒಂದು ವರ್ಷ ತುಂಬಿದ್ದ, ಐವತ್ತೊಂಬತ್ತರ ವಯಸ್ಸಿನ ತಾಯಿ ಮಾರ್ಗರೆಟ್ ಸಹ ಇದ್ದರು. ರೋಗಿಯ ಸ್ಥಿತಿಯನ್ನು ಕಂಡ ಕಪ್ತಾನನು ಸಮುದ್ರದಲ್ಲಿಯೇ ಶವಸಂಸ್ಕಾರ ನಡೆಸಲು ಬೇಕಾದ ಸಿದ್ಧತೆಯನ್ನೂ ಮಾಡಿಕೊಂಡಿದ್ದನೆಂದು ಹೇಳುತ್ತಾರೆ.

ಜುಲೈ 28ರ ಬೆಳಗಿನ ಜಾವ ಮಾರ್ಕೇಸಸ್ ದ್ವೀಪಗಳು ಕಂಡವು. ಅಲ್ಲಿಂದ ಹವಳದ ದ್ವೀಪವಾದ ಫಕರಾವಾ, ತರುವಾಯ ತಹೀಟಿ. ಸಮಶೀತೋಷ್ಣ ದೇಶಗಳ ಚಳಿಯಿಂದ ಪಾರಾದೊಡನೆ ರೋಗ ಮಾಯವಾಯಿತು ಎಂದು ಬರೆಯುವುದು ಸುಲಭ. ಆದರೆ ಅದು ಸತ್ಯವಲ್ಲ. ತಹೀಟಿಯ ರಾಜಧಾನಿ ಪಪೀಟೆಯ ಬೆಚ್ಚನೆಯ ಹವೆಯಲ್ಲಿಯೇ ಆತ ತೀವ್ರವಾಗಿ ಅಸ್ವಸ್ಥನಾದನು. ದ್ವೀಪದ ಇನ್ನೊಂದು ಬದಿಯ ತೌತಿರಾ ಎಂಬ ಹಳ್ಳಿಗೆ ಆತನನ್ನು ಹೇಗೋ ಸಾಗಿಸಲಾಯಿತು. ಅಲ್ಲಿ ಮೋಯೆ ಎಂಬ ರಾಜಮನೆತನದ ಮಹಿಳೆ ಹಸಿ ಮೀನಿನ ಪಥ್ಯ ನೀಡಿ ಉಪಚರಿಸಿದಳು. ಓರಿ ಎಂಬ ನಾಯಕನು ತನ್ನ ಮನೆಯನ್ನೇ ಬಿಟ್ಟುಕೊಟ್ಟನು. ಅಷ್ಟರಲ್ಲಿ ಹಡಗಿನ ಪಟಸ್ತಂಭಗಳು ಒಳಗೇ ಕೊಳೆತಿರುವುದು ಪತ್ತೆಯಾಗಿ ದುರಸ್ತಿಗೆ ವಾರಗಳೇ ಹಿಡಿದವು. ಸಾಮಗ್ರಿ ಮುಗಿಯುತ್ತಾ ಬಂದಾಗ, ತನ್ನಲ್ಲಿರುವುದೆಲ್ಲವೂ ಅತಿಥಿಗಳದ್ದೇ ಎಂದು ಓರಿ ತಿಳಿಸಿದನು. ಸಾಲ ಪಡೆದು ಬಡ್ಡಿ ಸಹಿತ ತೀರಿಸುವ ಸಮಾಜದಿಂದ ಬಂದಿದ್ದ ಲೇಖಕನಿಗೆ ಈ ಆತಿಥ್ಯವನ್ನು ಯಾವ ಖಾತೆಗೆ ಹಾಕಬೇಕೆಂದೇ ತಿಳಿಯಲಿಲ್ಲ; ಕಣ್ಣೀರಿಟ್ಟನು. ಎರಡು ತಿಂಗಳಿನಲ್ಲಿ ಆತ ಎದ್ದು ನಡೆದಾಡುವುದಷ್ಟೇ ಅಲ್ಲ, ಮತ್ತೆ ಬರೆಯುವಂತಾದನು. 1889ರ ಮಾರ್ಚ್‌ನಲ್ಲಿ ಹೊನಲುಲುವಿನಿಂದ ಕಾದಂಬರಿಕಾರ ಹೆನ್ರಿ ಜೇಮ್ಸ್‌ನಿಗೆ ಬರೆಯುತ್ತಾ, ಕಳೆದ ಹತ್ತು ವರ್ಷಗಳಲ್ಲಿ ಎಂದೂ ಇಲ್ಲದ ಆರೋಗ್ಯ ಈ ಕೆಲವೇ ತಿಂಗಳಲ್ಲಿ ದೊರೆಯಿತೆಂದು ತಿಳಿಸಿದನು.

ಕ್ಯಾಸ್ಕೊ ಹಡಗಿನ ಕರಾರು ಹೊನಲುಲುವಿನಲ್ಲಿ ಮುಗಿಯಿತು. ಹಣವೂ ಕರಗಿತ್ತು. ರೋಗಿಯೊಬ್ಬನ ವಿಹಾರಯಾತ್ರೆಯಾಗಿದ್ದರೆ ಇಲ್ಲಿಗೆ ಮುಕ್ತಾಯವಾಗಬೇಕಿತ್ತು. ಬದಲಿಗೆ ಮೇ ತಿಂಗಳಲ್ಲಿ ಆತ ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ವಸಾಹತಿಗೆ ಹೋಗಿ ಸುಮಾರು ಒಂದು ವಾರ ತಂಗಿದನು. ಅಲ್ಲಿ ಸೇವೆ ಸಲ್ಲಿಸಿ ತಾವೂ ಅದೇ ರೋಗಕ್ಕೆ ತುತ್ತಾದ ಫಾದರ್ ಡೇಮಿಯನ್ ಏಪ್ರಿಲ್ 15ರಂದು ನಿಧನರಾಗಿದ್ದರು. ಸ್ಟೀವನ್ಸನ್ ಅಲ್ಲಿನ ಬಾಲಕಿಯರೊಡನೆ ಕ್ರೋಕೆ ಆಟವಾಡಿದನು, ಮರಳಿದ ಬಳಿಕ ಅವರಿಗಾಗಿ ಪಿಯಾನೊ ಒಂದನ್ನು ಕಳುಹಿಸಿದನು. ಪರರ ಕರುಣೆಯ ನೋಟದಲ್ಲಿ ವರ್ಷಗಳನ್ನು ಕಳೆದವನು ಮೊದಲ ಬಾರಿಗೆ ತನಗಿಂತ ಕಷ್ಟದಲ್ಲಿರುವವರ ನಡುವೆ ಸಂದರ್ಶಕನಾಗಿ ನಿಂತಿದ್ದನು.

ಕೊಬ್ಬರಿ ವ್ಯಾಪಾರದ ನಡುವೆ

ವಾಣಿಜ್ಯ ವಲಯದ ಓದುಗರಿಗೆ ಹೆಚ್ಚು ಸ್ವಾರಸ್ಯಕರವಾದ ಅಧ್ಯಾಯ ಆರಂಭವಾಗುವುದು ಇಲ್ಲಿಂದಲೇ. 1889ರ ಜೂನ್‌ನಲ್ಲಿ ಆತ ಹತ್ತಿದ 'ಇಕ್ವೇಟರ್' ವಿಹಾರ ನೌಕೆಯಲ್ಲ. ದ್ವೀಪದಿಂದ ದ್ವೀಪಕ್ಕೆ ಸರಕು ಇಳಿಸಿ ಕೊಬ್ಬರಿ ತುಂಬಿಕೊಳ್ಳುವ ವ್ಯಾಪಾರಿ ಹಡಗು. ತಿಪಟೂರು, ಅರಸೀಕೆರೆಗಳ ಮಾರುಕಟ್ಟೆಯನ್ನು ಬಲ್ಲವರಿಗೆ ಕೊಬ್ಬರಿಯೆಂದರೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ, ತಿನ್ನಲು ಯೋಗ್ಯವಾದ ಉಂಡೆ ಕೊಬ್ಬರಿ. ಶಾಂತಸಾಗರದ್ದು ಹಾಗಲ್ಲ. ಒಡೆದು ಒಣಗಿಸಿ, ಎಣ್ಣೆ ಹಿಂಡಲೆಂದು ದೂರದ ಗಿರಣಿಗಳಿಗೆ ರವಾನೆಯಾಗುವ ಕಚ್ಚಾ ಮಾಲು ಅದು. ಯೂರೋಪಿನ ಸಾಬೂನಿನ ಹಿಂದಿದ್ದುದು ಈ ದ್ವೀಪಗಳ ತೆಂಗು. ನಾಣ್ಯದ ಚಲಾವಣೆ ವಿರಳವಾಗಿದ್ದ ಕಡೆಗಳಲ್ಲಿ ಕೊಬ್ಬರಿಯೇ ತೆರಿಗೆ, ಕೊಬ್ಬರಿಯೇ ಬೆಲೆ.

ಗಿಲ್ಬರ್ಟ್ ದ್ವೀಪಸಮೂಹದ, ಅಂದರೆ ಇಂದಿನ ಕಿರಿಬಾಸ್ ರಾಷ್ಟ್ರದ, ಅಬೆಮಾಮಾದಲ್ಲಿ ಟೆಂಬಿನೊಕ ಎಂಬ ಅರಸನಿದ್ದನು. ತನ್ನ ರಾಜ್ಯದ ಏಕೈಕ ವ್ಯಾಪಾರಿಯೂ ಆತನೇ! ಪ್ರಜೆಗಳು ತಯಾರಿಸಿದ ಕೊಬ್ಬರಿಯೆಲ್ಲ ಅರಸನ ಉಗ್ರಾಣ ಸೇರಬೇಕು. ಹಡಗುಗಳೊಡನೆ ಚೌಕಾಸಿ ಆತನೊಬ್ಬನದ್ದೇ. ಬಿಳಿಯರು ನೆಲೆಯೂರಲು ಅನುಮತಿಯಿರಲಿಲ್ಲ. ಏಕಸ್ವಾಮ್ಯದ ಲಾಭವೆಲ್ಲ ಗಡಿಯಾರ, ಸಂಗೀತ ಪೆಟ್ಟಿಗೆ, ಕೊಡೆ, ಹೊಲಿಗೆ ಯಂತ್ರಗಳ ರೂಪದಲ್ಲಿ ಉಗ್ರಾಣದಲ್ಲಿ ರಾಶಿಬಿದ್ದಿತ್ತು, ಬಳಸುವವರಿಲ್ಲದೆ. ದಾಸ್ತಾನು ನಿಯಂತ್ರಣದ ಪಾಠಕ್ಕೆ ಇದಕ್ಕಿಂತ ಕೆಟ್ಟ ಉದಾಹರಣೆ ದೊರಕದು. ಆದರೆ ಆತ ಮೂಢನಲ್ಲ. ತನ್ನೊಡನೆ ವ್ಯವಹರಿಸುವ ಕಪ್ತಾನರನ್ನೂ ಸರಕು ವ್ಯವಸ್ಥಾಪಕರನ್ನೂ ಆತ ಮೂರು ದರ್ಜೆಗಳಾಗಿ ವಿಂಗಡಿಸಿದ್ದನಂತೆ: ಸ್ವಲ್ಪ ಮೋಸ ಮಾಡುವವರು, ಸಾಕಷ್ಟು ಮಾಡುವವರು, ಮಿತಿಮೀರಿ ಮಾಡುವವರು. ಮೋಸವೇ ಮಾಡದವರ ದರ್ಜೆ ಆ ಪಟ್ಟಿಯಲ್ಲಿ ಇರಲಿಲ್ಲ. ಮೊದಲೆರಡು ದರ್ಜೆಯವರನ್ನು ಆತ ಸಹಿಸುತ್ತಿದ್ದನು. ಇಂತಹ ಅರಸನು ಹಲವು ದಿನ ಪರೀಕ್ಷಿಸಿ ನೋಡಿ, ಸ್ಟೀವನ್ಸನ್ ಕುಟುಂಬಕ್ಕೆ ತಂಗಲು ಅನುಮತಿ ನೀಡಿ ಮನೆಗಳನ್ನೂ ಒದಗಿಸಿದನು. ಹಡಗು ಮರಳುವವರೆಗೆ ಸುಮಾರು ಎರಡು ತಿಂಗಳು ಅವರು ಅಲ್ಲಿದ್ದರು.

ಈ ಪ್ರಯಾಣದ ಕಾಲದಲ್ಲಿಯೇ ಸ್ವಂತ ಹಡಗೊಂದನ್ನು ಕೊಂಡು ಕೊಬ್ಬರಿ ವ್ಯಾಪಾರಕ್ಕೆ ಇಳಿಯುವ ಯೋಜನೆಯೂ ಸಿದ್ಧವಾಯಿತು. ಬಂಡವಾಳಕ್ಕಾಗಿ ಲಾಯ್ಡ್‌ನೊಡನೆ 'ದಿ ರೆಕರ್' ಕಾದಂಬರಿಯನ್ನು ಬರೆಯುವುದೆಂದು ತೀರ್ಮಾನವಾಯಿತು. ಒಳಗಿನಿಂದ ನೋಡುತ್ತಾ ಹೋದಂತೆ ಆ ವ್ಯಾಪಾರದ ತೂಕ ಅಳತೆಗಳ ಕೈಚಳಕ ತಿಳಿದುಬಂದು ಯೋಜನೆಯನ್ನು ಕೈಬಿಡಲಾಯಿತು. ಕಾದಂಬರಿ ಮಾತ್ರ ಉಳಿಯಿತು. 1892ರಲ್ಲಿ ಪ್ರಕಟವಾದ 'ದಿ ಬೀಚ್ ಆಫ್ ಫಲೇಸಾ' ಎಂಬ ನೀಳ್ಗತೆಯ ನಾಯಕನೂ ಕೊಬ್ಬರಿ ವ್ಯಾಪಾರಿಯೇ. ದ್ವೀಪದವರೊಡನೆ ನ್ಯಾಯವಾಗಿ ವ್ಯವಹರಿಸುವುದಾಗಿ ಆತ ಪಾದ್ರಿಗೆ ವಚನ ಕೊಟ್ಟು ಅದನ್ನು ಪಾಲಿಸುತ್ತಾನೆ. ಆದರೂ ಬೇರೊಂದು ಠಾಣೆಗೆ ವರ್ಗವಾದಾಗ ಆ ವಚನದ ಬಂಧನ ಅಲ್ಲಿಗೆ ಅನ್ವಯಿಸದೆಂದು ಅರೆಮನಸ್ಸಿನ ನೆಮ್ಮದಿ ಪಡುತ್ತಾನೆ. ಹಾಸಿಗೆಯಲ್ಲಿ ಮಲಗಿ ಕಡಲ್ಗಳ್ಳರ ನಿಧಿಯನ್ನು ಕಲ್ಪಿಸಿದವನ ಲೇಖನಿಗೆ ಇಂತಹ ಮನುಷ್ಯ ದಕ್ಕುತ್ತಿರಲಿಲ್ಲ. ಆರೋಗ್ಯ ಮರಳಿದ್ದರ ನಿಜವಾದ ಪುರಾವೆ ದೇಹದ ತೂಕದಲ್ಲಿ ಅಲ್ಲ, ಈ ಬರವಣಿಗೆಯಲ್ಲಿ ಇದೆ.

ವೈಲಿಮಾ

1889ರ ಡಿಸೆಂಬರ್‌ನಲ್ಲಿ ಇಕ್ವೇಟರ್ ಸಮೋವಾದ ಆಪಿಯಾ ಬಂದರನ್ನು ತಲುಪಿತು. ಮರು ವರ್ಷದ ಆರಂಭದಲ್ಲಿ, ಊರಿನ ಮೇಲ್ಭಾಗದ ಕಾಡಿನಲ್ಲಿ ಮುನ್ನೂರು ಎಕರೆಗೂ ಮಿಕ್ಕಿದ ಜಮೀನು ಖರೀದಿಯಾಯಿತು. ಮೊದಲ ಉದ್ದೇಶ ಬ್ರಿಟನ್ನಿಗೆ ಒಮ್ಮೆ ಹೋಗಿ ಬರುವುದಾಗಿತ್ತು. ಆದರೆ 1890ರ ಫೆಬ್ರವರಿಯಲ್ಲಿ ಸಿಡ್ನಿ ನಗರಕ್ಕೆ ಬಂದಿಳಿದ ಕೆಲವೇ ವಾರಗಳಲ್ಲಿ ಹಳೆಯ ವ್ಯಾಧಿ ಮರುಕಳಿಸಿತು. ನಾವಿಕರ ಮುಷ್ಕರದ ನಡುವೆಯೂ ಫ್ಯಾನಿ ಅಲೆದಾಡಿ 'ಜಾನೆಟ್ ನಿಕೋಲ್' ಎಂಬ ಸರಕು ಹಡಗಿನಲ್ಲಿ ಸ್ಥಳ ದೊರಕಿಸಿದಳು. ದ್ವೀಪಗಳ ನಡುವೆ ಸೇರಿದೊಡನೆ ರೋಗಿ ಎದ್ದು ಕುಳಿತನು. ಆಗಸ್ಟ್‌ನಲ್ಲಿ ಪುನಃ ಸಿಡ್ನಿ, ಪುನಃ ಜ್ವರ. ಹೀಗೆ ಲೆಕ್ಕ ಸ್ಪಷ್ಟವಾಯಿತು. ದೊರೆತ ಆರೋಗ್ಯ ಕ್ರಯಕ್ಕೆ ಬಂದುದಲ್ಲ, ಷರತ್ತಿನ ಗುತ್ತಿಗೆಗೆ ಬಂದುದು. ತಾಯ್ನಾಡನ್ನು ಬಿಟ್ಟುಕೊಡುವುದೇ ಅದರ ಗೇಣಿ. ಎಡಿನ್‌ಬರೊದ ಮಳೆ ಬೀದಿಗಳಿಗಾಗಿ ಆತ ಕೊನೆಯವರೆಗೂ ಹಂಬಲಿಸಿದನು, ಮರಳಿ ಕಾಣಲಿಲ್ಲ.

ವೈಲಿಮಾದಲ್ಲಿ ವಿಶ್ರಾಂತಿಯೆಂಬುದು ಇರಲಿಲ್ಲ. ನಸುಕಿನಲ್ಲಿಯೇ ಎದ್ದು ಬರವಣಿಗೆ, ಆಮೇಲೆ ಕತ್ತಿ ಹಿಡಿದು ಕಳೆ ಕಡಿಯುವ ಕೆಲಸ. ಕೋಕೋ ನೆಟ್ಟರು, ತೋಟ ಎಂದೂ ಲಾಭ ಕಾಣಲಿಲ್ಲ. ದೊಡ್ಡ ಪರಿವಾರವನ್ನು ಸಾಕುವ ಭಾರವೆಲ್ಲ ಲೇಖನಿಯ ಮೇಲೆ ಬಿದ್ದಿತು; ಹಣದ ಚಿಂತೆ ಆತನನ್ನು ಎಂದೂ ಬಿಟ್ಟು ಹೋಗಲಿಲ್ಲ. ಜರ್ಮನಿ, ಬ್ರಿಟನ್, ಅಮೆರಿಕಾಗಳು ಸಮೋವಾದಲ್ಲಿ ನಡೆಸಿದ ಹಗ್ಗಜಗ್ಗಾಟವನ್ನೂ ಅಲ್ಲಿನ ಜರ್ಮನ್ ತೋಟದ ಕಂಪನಿಯ ಪ್ರಭಾವವನ್ನೂ ಕುರಿತು 1892ರಲ್ಲಿ ಪುಸ್ತಕವನ್ನೇ ಬರೆದು ಅಧಿಕಾರಿಗಳ ಸಿಟ್ಟಿಗೆ ಗುರಿಯಾದನು. 1893ರ ಯುದ್ಧದ ಬಳಿಕ ಸೆರೆಯಾದ ಸಮೋವಾದ ನಾಯಕರಿಗೆ ಆಹಾರ ಒದಗಿಸಿದನು. ಬಿಡುಗಡೆಯಾದ ನಾಯಕರು 1894ರಲ್ಲಿ ಕೂಲಿ ಪಡೆಯದೆ, ತಾವೇ ನಿಂತು ಆತನ ಮನೆಗೆ ರಸ್ತೆ ನಿರ್ಮಿಸಿಕೊಟ್ಟರು. ಅದಕ್ಕೆ ಪ್ರೀತಿಯ ಹೃದಯಗಳ ದಾರಿ ಎಂಬರ್ಥದ ಹೆಸರನ್ನಿಟ್ಟರು. ತೌತಿರಾದಲ್ಲಿ ಯಾವ ಖಾತೆಗೂ ಸೇರದೆ ಉಳಿದಿದ್ದ ಬಾಬ್ತಿನ ಇನ್ನೊಂದು ಬದಿ ಇದೇ ಇರಬೇಕು.

ಅದೇ ವರ್ಷ ಡಿಸೆಂಬರ್ 3ರ ಬೆಳಿಗ್ಗೆ ಆತ 'ವೇರ್ ಆಫ್ ಹರ್ಮಿಸ್ಟನ್' ಕಾದಂಬರಿಯ ಕೆಲಸದಲ್ಲಿ ತೊಡಗಿದ್ದನು. ಸಂಜೆ ಫ್ಯಾನಿಯೊಡನೆ ಊಟದ ಸಿದ್ಧತೆಯಲ್ಲಿದ್ದಾಗ ತಲೆ ಹಿಡಿದುಕೊಂಡು ಕುಸಿದನು. ಮಿದುಳಿನ ರಕ್ತಸ್ರಾವ, ಕೆಲವು ಗಂಟೆಗಳಲ್ಲಿ ಎಲ್ಲ ಮುಗಿಯಿತು. ವಯಸ್ಸು ನಲವತ್ತನಾಲ್ಕು. ಜೀವನವಿಡೀ ಬೆದರಿಸಿದ ಶ್ವಾಸಕೋಶ ಕೊನೆಗೆ ಕಾರಣವಾಗಲಿಲ್ಲ. ಕ್ಯಾಸ್ಕೊ ಹೊರಟ ದಿನದಿಂದ ಎಣಿಸಿದರೆ ಆರು ವರ್ಷ ಐದು ತಿಂಗಳು. ವೈಯಾ ಬೆಟ್ಟದ ನೆತ್ತಿಯಲ್ಲಿ ತನ್ನನ್ನು ಮಣ್ಣುಮಾಡಬೇಕೆಂಬುದು ಆತನ ಇಚ್ಛೆಯಾಗಿತ್ತು, ಅಲ್ಲಿಗೆ ದಾರಿಯಿರಲಿಲ್ಲ. ಸಮೋವಾದವರು ಕೊಡಲಿ, ಕತ್ತಿಗಳೊಡನೆ ಬಂದು ದಟ್ಟ ಕಾಡಿನಲ್ಲಿ ದಾರಿ ಕಡಿದು, ಶವಪೆಟ್ಟಿಗೆಯನ್ನು ಸರದಿಯಂತೆ ಹೆಗಲ ಮೇಲೆ ಹೊತ್ತು ಏರಿದರು. ಮನೆಯನ್ನು ಫ್ಯಾನಿ ಮುಂದೆ ಮಾರಿದಳು. ಅದು ಕೆಲಕಾಲ ಜರ್ಮನ್ ಗವರ್ನರರ ನಿವಾಸವಾಗಿ, ನಂತರ ನ್ಯೂಜಿಲೆಂಡ್ ಆಡಳಿತಗಾರರ ವಸತಿಯಾಗಿ, ಆತ ತೀರಿಕೊಂಡ ನೂರನೆಯ ವರ್ಷವಾದ 1994ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದುಕೊಂಡಿತು.