ಸುಂಕದ ಕಟ್ಟೆಯೂ ಸರ್ಕಾರದ ಸಾಲವೂ



ಸೆಪ್ಟೆಂಬರ್ 21ರಂದು ನಾವು ಸಂತ ಮತ್ತಾಯರ ಹಬ್ಬವನ್ನು ಆಚರಿಸುತ್ತೇವೆ. ಸುಂಕದ ಕಟ್ಟೆಯಿಂದ ಎದ್ದು ಪ್ರಭುವನ್ನು ಹಿಂಬಾಲಿಸಿದ ಈ ಪ್ರೇಷಿತರು ಬ್ಯಾಂಕಿನವರಿಗೂ ಲೆಕ್ಕಿಗರಿಗೂ ಪಾಲಕ ಸಂತರು. ತೆರಿಗೆಯ ವಿಷಯ ಮಾತನಾಡಲು ಇದಕ್ಕಿಂತ ಒಳ್ಳೆಯ ಹಬ್ಬ ಸಿಗಲಾರದು.

ಈಚೆಗೆ ಒಂದು ಭಾನುವಾರ ಬಲಿಪೂಜೆ ಮುಗಿಸಿ ಹೊರಬಂದಾಗ ಚರ್ಚಿನ ಅಂಗಳದಲ್ಲಿ ನೌಕರಿಯಲ್ಲಿರುವ ಸಹೋದರರೊಬ್ಬರು, “ಫಾದರ್, ಎಲ್ಲ ಬಿಟ್ಟಿ ಕೊಟ್ಟು ಕೊಟ್ಟು ಸರ್ಕಾರ ದಿವಾಳಿ ಆಗ್ತಿದೆ” ಎಂದರು. ಪಕ್ಕದಲ್ಲಿದ್ದ ತಾಯಿಯೊಬ್ಬರು ತಲೆ ತಗ್ಗಿಸಿದರು. ಗೃಹಲಕ್ಷ್ಮಿಯ 2,000 ರೂಪಾಯಿಯಿಂದಲೇ ಅವರ ಮನೆಗೆ ತಿಂಗಳ ಔಷಧಿ ಬರುತ್ತದೆಂಬುದು ನಮಗೆ ಗೊತ್ತು. ಆ ತಗ್ಗಿದ ತಲೆ ನಮ್ಮನ್ನು ಈ ಲೇಖನ ಬರೆಯಲು ಕೂರಿಸಿತು.

ಮೊದಲು ಪದಗಳ ಅರ್ಥ ತಿಳಿಯೋಣ. ಸರ್ಕಾರದ ಒಟ್ಟು ಖರ್ಚಿನಿಂದ ಸಾಲವಲ್ಲದ ಆದಾಯವನ್ನು ಕಳೆದರೆ ಉಳಿಯುವುದು ವಿತ್ತೀಯ ಕೊರತೆ. ಅದನ್ನು ಸಾಲದಿಂದ ತುಂಬಬೇಕು. ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂತಹ ದಿನನಿತ್ಯದ ಖರ್ಚಿಗೇ ಆದಾಯ ಸಾಲದಿದ್ದರೆ ಅದು ರಾಜಸ್ವ ಕೊರತೆ. ಸಾಲ ಮಾಡಿ ಕೊಳವೆಬಾವಿ ತೋಡಿಸುವುದು ಬೇರೆ, ಸಾಲ ಮಾಡಿ ಅಕ್ಕಿ ತರುವುದು ಬೇರೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಈ ವ್ಯತ್ಯಾಸವನ್ನೇ. ಆದರೆ ಇಲ್ಲೊಂದು ತೊಡಕಿದೆ. ಶಾಲೆಯ ಕಟ್ಟಡ ಬಂಡವಾಳ ವೆಚ್ಚ. ಒಳಗೆ ಪಾಠ ಹೇಳುವ ಟೀಚರ ಸಂಬಳ ರಾಜಸ್ವ ವೆಚ್ಚ. ಟೀಚರಿಲ್ಲದ ಕಟ್ಟಡದಿಂದ ಯಾವ ಮಗುವಿಗೆ ಏನು ಲಾಭ?

ಸಾಲಕ್ಕೆ ಕಡಿವಾಣ ಹಾಕಲು ಸಂಸತ್ತು 2003ರಲ್ಲಿ ವಿತ್ತೀಯ ಹೊಣೆಗಾರಿಕೆ ಕಾಯ್ದೆಯನ್ನು ಅಂಗೀಕರಿಸಿತು. ಅದಕ್ಕೂ ಮುನ್ನ, 2002ರಲ್ಲೇ, ಇಂತಹ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮ ಕರ್ನಾಟಕ. ಕೊರತೆಯನ್ನು ದೇಶದ ಒಟ್ಟು ಉತ್ಪನ್ನದ ಶೇ. 3ಕ್ಕೆ ಇಳಿಸಬೇಕೆಂಬುದು ಕೇಂದ್ರದ ಗುರಿಯಾಗಿತ್ತು. 2007-08ರಲ್ಲಿ ಅದು ಈಡೇರಿತು. ಮರುವರ್ಷವೇ ಜಗತ್ತಿನ ಹಣಕಾಸು ಬಿಕ್ಕಟ್ಟು, ರೈತರ ಸಾಲಮನ್ನಾ, ವೇತನ ಆಯೋಗ ಎಲ್ಲವೂ ಒಟ್ಟಿಗೆ ಬಂದು ಲೆಕ್ಕ ತಪ್ಪಿತು. ಕೊರೊನಾ ಕಾಲದ 2020-21ರಲ್ಲಿ ಕೊರತೆ ಶೇ. 9 ದಾಟಿತು. ಅಂದು ಸುಮಾರು 80 ಕೋಟಿ ಜನರಿಗೆ ಉಚಿತ ಪಡಿತರ ಹಂಚಲಾಗಿತ್ತು. ಶೇ. 3ಕ್ಕೇ ಅಂಟಿಕೊಂಡು ಜನರನ್ನು ಹಸಿವಿಗೆ ಬಿಟ್ಟಿದ್ದರೆ ಅದನ್ನು ಶಿಸ್ತು ಎನ್ನಲು ನಮಗಂತೂ ಬಾಯಿ ಬಾರದು.

ಇನ್ನು ಆ ಸಹೋದರರ ಆಕ್ಷೇಪಕ್ಕೆ ಬರೋಣ. ಅದು ಸುಳ್ಳಲ್ಲ. 2024-25ರ ರಾಜ್ಯ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 52,000 ಕೋಟಿ ರೂಪಾಯಿ ಇಡಲಾಯಿತು. ಅಂದಾಜು ರಾಜಸ್ವ ಕೊರತೆ 27,354 ಕೋಟಿ. ಅಂದರೆ ದಿನದ ಖರ್ಚಿಗೂ ಸಾಲ. ರಾಜ್ಯಗಳು ಮನಬಂದಂತೆ ಸಾಲ ಎತ್ತುವಂತಿಲ್ಲ, ಕೇಂದ್ರದ ಮಿತಿ ಇದೆ. ಹಾಗಾಗಿ ಒಂದು ಕಡೆ ಕೊಟ್ಟದ್ದನ್ನು ರಸ್ತೆ, ನೀರಾವರಿ, ಆಸ್ಪತ್ರೆಗಳಂತಹ ಇನ್ನೊಂದು ಕಡೆಯಿಂದ ಹಿಡಿಯಬೇಕಾಗುತ್ತದೆ. ಸಾಲದ ಭಾರವೂ ಹಗುರವಲ್ಲ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಪ್ರತಿ ರೂಪಾಯಿಯಲ್ಲಿ 24 ಪೈಸೆ ಸಾಲದಿಂದ ಬರುವಂಥದ್ದು, 20 ಪೈಸೆ ಬಡ್ಡಿಗೆ ಹೋಗುವಂಥದ್ದು. ಇಂದು ಜ್ಞಾನಸ್ನಾನ ಪಡೆಯುವ ಕೂಸು ನಾಳೆ ತೀರಿಸಬೇಕಾದ ಬಾಕಿ ಇದು.

ಆದರೆ ಕೊಡುವುದರಿಂದ ಮಾತ್ರ ಕೊರತೆ ಹುಟ್ಟುತ್ತದೆಯೇ? ಬರಬೇಕಾದ ತೆರಿಗೆಯನ್ನು ಬಿಟ್ಟುಕೊಟ್ಟರೂ ಹುಟ್ಟುತ್ತದೆ. 2019ರ ಸೆಪ್ಟೆಂಬರ್ 20ರಂದು, ಸಂತ ಮತ್ತಾಯರ ಹಬ್ಬದ ಮುನ್ನಾದಿನವೇ, ವಿತ್ತ ಸಚಿವೆ ನಿರ್ಮಲಾ ಸೀತಾರಾಮನ್ ಅವರು ಗೋವಾದಲ್ಲಿ ಕಂಪನಿಗಳ ತೆರಿಗೆಯನ್ನು ಇಳಿಸಿದ ಸುದ್ದಿ ಪ್ರಕಟಿಸಿದರು. ವಿನಾಯಿತಿಗಳನ್ನು ಬಿಡುವ ಕಂಪನಿಗಳಿಗೆ ಮೂಲ ದರ ಶೇ. 22, ಹೊಸ ಕಾರ್ಖಾನೆ ಕಟ್ಟುವ ಹೊಸ ಕಂಪನಿಗಳಿಗೆ ಶೇ. 15. ಅದುವರೆಗೆ ದೊಡ್ಡ ಕಂಪನಿಗಳಿಗೆ ಶೇ. 30 ಇತ್ತು. ಸರ್ಕಾರವೇ ಹೇಳಿದಂತೆ ವರ್ಷಕ್ಕೆ ಕೈಬಿಡುವ ಆದಾಯ 1.45 ಲಕ್ಷ ಕೋಟಿ. ಅಂದೇ ಮುಂಬಯಿ ಷೇರುಪೇಟೆಯ ಸೂಚ್ಯಂಕ 1,900ಕ್ಕೂ ಹೆಚ್ಚು ಅಂಶ ಜಿಗಿಯಿತು. ಯಾರೂ ಅದನ್ನು ಬಿಟ್ಟಿ ಎನ್ನಲಿಲ್ಲ, ಉತ್ತೇಜನ ಎಂದರು.

ಉತ್ತೇಜನ ಎನ್ನಲು ಕಾರಣವಿತ್ತು. ತೆರಿಗೆ ಇಳಿದರೆ ಕಂಪನಿಗಳು ಹೂಡಿಕೆ ಹೆಚ್ಚಿಸುತ್ತವೆ, ಕೆಲಸಗಳು ಹುಟ್ಟುತ್ತವೆ, ಕೊನೆಗೆ ತೆರಿಗೆಯೂ ಹೆಚ್ಚುತ್ತದೆ ಎಂಬ ವಾದ. ಇದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ವರ್ಷ ಕಂಪನಿ ತೆರಿಗೆಯ ವಸೂಲಿ ಸುಮಾರು 6.6 ಲಕ್ಷ ಕೋಟಿಯಿಂದ 5.6 ಲಕ್ಷ ಕೋಟಿಗೆ ಕುಸಿಯಿತು. ಆರ್ಥಿಕತೆ ಮಂದವಾಗಿದ್ದುದೂ ಅದಕ್ಕೆ ಒಂದು ಕಾರಣ. ಶೇ. 3.3 ಎಂದಿದ್ದ ವಿತ್ತೀಯ ಕೊರತೆ ಶೇ. ನಾಲ್ಕೂವರೆ ದಾಟಿತು. ಮುಂದೆ ವಸೂಲಿ ಚೇತರಿಸಿಕೊಂಡಿತು, ನಿಜ. ಹಾಗಿದ್ದೂ 2023-24ರಲ್ಲಿ ಕಂಪನಿಗಳ ಲಾಭ 15 ವರ್ಷಗಳಲ್ಲೇ ಅತಿ ಎತ್ತರ ತಲುಪಿದಾಗ ಸಂಬಳಗಳು ಆ ವೇಗದಲ್ಲಿ ಏರಲಿಲ್ಲವೆಂದು ಎತ್ತಿ ತೋರಿಸಿದ್ದು ಸರ್ಕಾರದ್ದೇ ಆರ್ಥಿಕ ಸಮೀಕ್ಷೆ.

ಪಕ್ಷಗಳ ಮಾತನ್ನು ನಾವು ಇಲ್ಲಿ ತೂಗುತ್ತಿಲ್ಲ. 2022ರಲ್ಲಿ ಪ್ರಧಾನಿಯವರು ‘ರೇವಡಿ ಸಂಸ್ಕೃತಿ’ಯ ವಿರುದ್ಧ ಎಚ್ಚರಿಸಿದರು, 2024ರಲ್ಲಿ ಅವರ ಪಕ್ಷ ಪಾಲುದಾರನಾಗಿದ್ದ ಮಹಾರಾಷ್ಟ್ರ ಸರ್ಕಾರ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿ ಕೊಡತೊಡಗಿತು. ಚುನಾವಣೆ ಹತ್ತಿರವಾದಾಗ ಎಲ್ಲರ ಕೈಯೂ ಧಾರಾಳ.

ಮುಂದಿನ ಭಾನುವಾರ ಆ ಸಹೋದರರು ಮತ್ತೆ ಸಿಕ್ಕರು. 2025ರ ಬಜೆಟ್ಟಿನಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲವೆಂದಾಗ ಸರ್ಕಾರ ಬಿಟ್ಟುಕೊಟ್ಟದ್ದು ಸುಮಾರು ಒಂದು ಲಕ್ಷ ಕೋಟಿ ಎಂದೆವು. 12 ಲಕ್ಷ ಆದಾಯ ಇದ್ದವರಿಗೆ ವರ್ಷಕ್ಕೆ ಉಳಿದದ್ದು 80,000 ರೂಪಾಯಿ. ಗೃಹಲಕ್ಷ್ಮಿ ವರ್ಷಕ್ಕೆ 24,000.

“ಅದು ನಾನು ದುಡಿದ ದುಡ್ಡು, ಫಾದರ್” ಎಂದರು ಅವರು. ಆ ಮಾತಿನಲ್ಲಿ ಹುರುಳಿದೆ, ನಾವು ಒಪ್ಪಿದೆವು. ಆಗ ಆ ತಾಯಿ, ಮೊದಲ ಸಲ ಬಾಯಿಬಿಟ್ಟು, “ಸೋಪು ತಗೊಂಡಾಗ ನಾನೂ ಟ್ಯಾಕ್ಸ್ ಕಟ್ಟಿದ್ದೀನಲ್ಲ ಅಣ್ಣ” ಎಂದರು. 2025ರ ಸೆಪ್ಟೆಂಬರ್ 22ರವರೆಗೆ ಸೋಪಿನ ಮೇಲಿನ ಜಿಎಸ್‌ಟಿ ಶೇ. 18 ಇತ್ತು, ಆಮೇಲೆ ಶೇ. 5. ಸಹೋದರರು ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರ ಮನೆಯವರ ಆರೋಗ್ಯ ಹೇಗಿದೆ ಎಂದು ವಿಚಾರಿಸಿದರು.